ಬಿಡಿಭಾಗ ಸಿಕ್ಕರೆ ತಾನೇ ಹಳೆ ಕಾರು ಓಡುವುದು

ಐವತ್ತು ದಾಟಿದ ಡಾಟ್ಸನ್ 240ಝಡ್ ಕಾರು ಮೂಲೆ ಸೇರುವುದು ಎಂಜಿನ್ನಿನ ದೆಸೆಯಿಂದಲ್ಲ. ಸಾಲಾಗಿ ಆರು ಸಿಲಿಂಡರ್ ಇರುವ, ಎರಕದ ಕಬ್ಬಿಣದ ಬ್ಲಾಕಿನ ಆ ಎಂಜಿನ್ ಹೊತ್ತುಹೊತ್ತಿಗೆ ಆಯಿಲ್ ಬದಲಿಸುತ್ತಿದ್ದರೆ ಲಕ್ಷಗಟ್ಟಲೆ ಕಿಲೋಮೀಟರ್ ಓಡಬಲ್ಲದು. ಕಾರು ನಿಲ್ಲುವುದು ಚಿಲ್ಲರೆ ಸಾಮಾನಿಗೆ. ಹಿಂಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್ ಒಣಗಿ ಬಿರುಕುಬಿಟ್ಟರೆ ಸೈಲೆನ್ಸರಿನ ಹೊಗೆ ಕಾರಿನೊಳಕ್ಕೆ ಬರುತ್ತದೆ. ತಡೆಯಲಾರದೆ ಪಕ್ಕದ ಕಿಟಕಿ ಇಳಿಸಿದರೆ ಗಾಳಿಯ ಎಳೆತಕ್ಕೆ ಇನ್ನಷ್ಟು ನುಗ್ಗುತ್ತದೆ. ಆ ರಬ್ಬರ್ ಸಿಕ್ಕರೆ ಅರ್ಧ ದಿನದ ಕೆಲಸ. ಸಿಗದಿದ್ದರೆ ಒಳ್ಳೆಯ ಎಂಜಿನ್ ಇದ್ದೂ ಕಾರಿನಲ್ಲಿ ಕೂರುವಂತಿಲ್ಲ.

ಹಳೆಯ ಜಪಾನಿ ಸ್ಪೋರ್ಟ್ಸ್ ಕಾರುಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಹರಾಜಿನ ಸುದ್ದಿ. 2020ರ ಜನವರಿಯಲ್ಲಿ ಅಮೆರಿಕದ ಆನ್‌ಲೈನ್ ಹರಾಜೊಂದರಲ್ಲಿ ಒಂದು 240ಝಡ್ 3,10,000 ಡಾಲರಿಗೆ ಹೋಯಿತು. ಹೊಸದಾಗಿ ಬಂದಾಗ ಆ ದೇಶದಲ್ಲಿ ಅದರ ಬೆಲೆ 3,526 ಡಾಲರ್ ಇತ್ತು. ಅಂಕಿ ಕಣ್ಣು ಕುಕ್ಕುತ್ತದೆ ನಿಜ. ಆದರೆ ಈ ಕಾರುಗಳು ಇಂದಿಗೂ ರಸ್ತೆಯ ಮೇಲಿರುವುದಕ್ಕೆ ಹರಾಜು ಕೂಗುವವರು ಕಾರಣರಲ್ಲ. ರಜೆಯ ದಿನ ಕೈಗೆ ಗ್ರೀಸ್ ಮೆತ್ತಿಕೊಳ್ಳುವ ಮಾಲೀಕರು, ಅವರ ಮೆಕ್ಯಾನಿಕ್‌ಗಳು, ನಿಂತುಹೋದ ಬಿಡಿಭಾಗಕ್ಕೆ ಮತ್ತೆ ಅಚ್ಚು ಮಾಡಿಸಿ ಮಾರುವ ಸಣ್ಣ ವರ್ಕ್‌ಶಾಪುಗಳು ಕಾರಣ. ಕಾರು ತಯಾರಿಸಿದ ಕಂಪನಿಗಳು ಈ ಸಾಲಿಗೆ ಬಂದು ಸೇರಿದ್ದು ತಡವಾಗಿ.

ವಾಹನ ಮಾರಿದವರಿಗೆ ಬಿಡಿಭಾಗ ಮತ್ತು ರಿಪೇರಿಯ ಮಾಹಿತಿ ಒದಗಿಸುವ ಹೊಣೆ ಇರಬೇಕು. ಕೊಂಡವರಿಗೆ ಅದನ್ನು ರಿಪೇರಿ ಮಾಡಿಕೊಳ್ಳುವ, ಒಂದು ಮಿತಿಯೊಳಗೆ ಬದಲಿಸಿಕೊಳ್ಳುವ ಹಕ್ಕು ಇರಬೇಕು. ಈ ಎರಡು ಮಾತಿಗೂ 240ಝಡ್ ಕಾರಿನ ಐದು ದಶಕಗಳ ಬಾಳುವೆ ಗಟ್ಟಿ ಸಾಕ್ಷಿ ಒದಗಿಸುತ್ತದೆ.

ಡಾಟ್ಸನ್ ಕಾರುಗಳ ತಯಾರಕ ನಿಸ್ಸಾನ್ ಕಂಪನಿ 1969ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಈ ಕಾರನ್ನು ‘ಫೇರ್‌ಲೇಡಿ ಝಡ್’ ಎಂದು ಬಿಡುಗಡೆ ಮಾಡಿತು. ಅದರ ರೂಪ ತಿದ್ದಿದ ತಂಡದ ಮುಂದಾಳು ಯೊಶಿಹಿಕೊ ಮತ್ಸುಒ. ಅಮೆರಿಕದಲ್ಲಿ ನಿಸ್ಸಾನ್ ವಹಿವಾಟು ನೋಡಿಕೊಳ್ಳುತ್ತಿದ್ದ ಯುತಾಕಾ ಕಾಟಯಾಮಾ ಆ ಹೆಸರು ಅಲ್ಲಿನ ಗಿರಾಕಿಗೆ ಒಗ್ಗುವುದಿಲ್ಲವೆಂದು 240ಝಡ್ ಎಂಬ ಫಲಕ ಹಾಕಿಸಿದರು. 2,393 ಸಿಸಿ ಎಂಜಿನ್, 151 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಷನ್, ಮುಂದೆ ಡಿಸ್ಕ್ ಬ್ರೇಕ್. ಯುರೋಪಿನ ಹಲವು ಹೆಸರಾಂತ ಸ್ಪೋರ್ಟ್ಸ್ ಕಾರುಗಳ ಬೆಲೆಯ ಹತ್ತಿರಕ್ಕೂ ಇದರ ಬೆಲೆ ಬರುತ್ತಿರಲಿಲ್ಲ. 1978ರ ಹೊತ್ತಿಗೆ 260ಝಡ್, 280ಝಡ್ ಸೇರಿ ಈ ಮಾಲಿಕೆಯ 5 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಈ ಸಂಖ್ಯೆಯೇ ಮುಂದೆ ಅದರ ಆಯಸ್ಸು ಕಾಯ್ದದ್ದು. ಅಷ್ಟು ಕಾರುಗಳಿದ್ದವು ಎಂಬುದಕ್ಕೇ ರಬ್ಬರ್ ಬೀಡಿಂಗ್‌ನಿಂದ ಹಿಡಿದು ಡ್ಯಾಶ್‌ಬೋರ್ಡ್ ತನಕ ಮರುತಯಾರಿಸುವುದು ಕಸುಬುದಾರರಿಗೆ ಗಿಟ್ಟುವ ಕೆಲಸವಾಯಿತು.

ಭಾರತೀಯರಿಗೆ ಈ ಕಾರಿನ ಚರಿತ್ರೆಯಲ್ಲಿ ಹೆಮ್ಮೆಪಡುವ ಒಂದು ಪುಟವೂ ಇದೆ. ಪೂರ್ವ ಆಫ್ರಿಕದ ಸಫಾರಿ ರ‍್ಯಾಲಿಯನ್ನು 240ಝಡ್ ಎರಡು ಸಲ ಗೆದ್ದಿತು. 1971ರಲ್ಲಿ ಎಡ್ಗರ್ ಹೆರ್ಮನ್ ಗೆದ್ದರೆ, 1973ರಲ್ಲಿ ಗೆದ್ದವರು ಶೇಖರ್ ಮೆಹ್ತಾ. ಉಗಾಂಡಾದ ಕಂಪಾಲದಲ್ಲಿ ಹುಟ್ಟಿದ ಭಾರತೀಯ ಮೂಲದ ಮೆಹ್ತಾ, ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್ ಏಷ್ಯನ್ನರನ್ನು ಹೊರಗಟ್ಟಿದಾಗ ಕೀನ್ಯಾಕ್ಕೆ ಹೋದವರು. ವರ್ಷ ಕಳೆಯುವುದರೊಳಗೆ ಆ ರ‍್ಯಾಲಿ ಗೆದ್ದರು. 1979ರಿಂದ 1982ರ ತನಕ ಡಾಟ್ಸನ್ ಕಾರುಗಳಲ್ಲಿ ಮತ್ತೆ ನಾಲ್ಕು ಸಲ ಗೆದ್ದರು. ಕೆಸರು, ಕಲ್ಲು, ಧೂಳಿನ ಆ ದಾರಿಯಲ್ಲಿ ಓಡಿದ ಕಾರು ಶೋರೂಮಿನಿಂದ ಹಾಗೇ ಎದ್ದು ಬಂದದ್ದಲ್ಲ. ಕಂಪನಿಯೇ ಸಸ್ಪೆನ್ಷನ್ ಗಟ್ಟಿಮಾಡಿ, ದೊಡ್ಡ ಪೆಟ್ರೋಲ್ ಟ್ಯಾಂಕ್ ಕೂರಿಸಿ ಸಿದ್ಧಪಡಿಸಿದ್ದು.

ಇಂಥ ಕಾರನ್ನು ಇವತ್ತು ಕೊಳ್ಳಹೊರಟವರು ಬಣ್ಣಕ್ಕೆ ಮರುಳಾಗಬಾರದು. ಬಾನೆಟ್ ಎತ್ತಿ ಮೊದಲು ನೋಡಬೇಕಾದದ್ದು ಬ್ಯಾಟರಿ ಕೂರುವ ತಟ್ಟೆ. ಬ್ಯಾಟರಿಯಿಂದ ಜಿನುಗಿದ ಆಸಿಡ್ ದಶಕಗಳ ಕಾಲ ಅಲ್ಲಿನ ತಗಡನ್ನು ತಿಂದು, ಹಿಂದಿನ ಗೋಡೆಗೆ ಹಬ್ಬಿ, ಕೆಳಗಿನ ಚಾಸಿಸ್ ರೈಲಿಗೆ ಇಳಿದಿರುತ್ತದೆ. ಆಮೇಲೆ ಮುಂದಿನ ಗಾಜಿನ ಬುಡದ ಗಾಳಿಕಂಡಿ. ಅದರೊಳಗೆ ಬಿದ್ದ ಎಲೆ, ಕಸ ನೀರು ಹರಿಯುವ ತೂತನ್ನು ಕಟ್ಟಿದರೆ ನೀರು ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗದಲ್ಲಿ ನಿಂತು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಹೊರಗೆ ಒಂದು ಗುಳ್ಳೆ ಕಂಡಿತೆಂದರೆ ಒಳಗೆ ಅಂಗೈಯಗಲ ತಗಡು ಹೋಗಿರಬಹುದು. ಅಮೆರಿಕದ ಚಳಿ ಸೀಮೆಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲಿ ಓಡಿದ ಝಡ್ ಕಾರುಗಳಲ್ಲಿ ಬಹಳಷ್ಟು ಹೀಗೇ ಗುಜರಿ ಸೇರಿದವು. ಎಂಜಿನ್ ಕೆಲಸಕ್ಕಿಂತ ಟಿಂಕರಿಂಗ್ ಕೆಲಸಕ್ಕೇ ಹೆಚ್ಚು ದುಡ್ಡು ಸುರಿಯಬೇಕಾಗುವುದು ಇದರಿಂದಲೇ.

ಎಂಜಿನ್ ಸರಿಮಾಡಿಕೊಳ್ಳುವುದಕ್ಕೆ ಕಂಪ್ಯೂಟರ್ ಬೇಕಿಲ್ಲ, ಕಿವಿ ಚುರುಕಾಗಿರಬೇಕು. ಕಾರಿನಲ್ಲಿ ಎರಡು ಹಿಟಾಚಿ ಕಾರ್ಬುರೇಟರ್. ಒಂದೊಂದೂ ಮೂರು ಸಿಲಿಂಡರಿಗೆ ಪೆಟ್ರೋಲ್–ಗಾಳಿ ಮಿಶ್ರಣ ಕೊಡುತ್ತದೆ. ಎರಡೂ ಒಂದೇ ಸಮ ಗಾಳಿ ಎಳೆಯುವಂತೆ ಮೊದಲು ಹೊಂದಿಸಬೇಕು. ಕೆಳಗಿನ ನಟ್ಟನ್ನು ಪೂರ್ತಿ ಬಿಗಿಮಾಡಿ ಎರಡೂವರೆ ಸುತ್ತು ಸಡಿಲಿಸಿ ಅಲ್ಲಿಂದ ಸೆಟ್ಟಿಂಗ್ ಶುರು. ಎಂಜಿನ್ ಓಡುತ್ತಿರುವಾಗ ಕಾರ್ಬುರೇಟರಿನ ಪಿಸ್ಟನ್ನನ್ನು ಒಂದಿಷ್ಟು ಮೇಲೆತ್ತಿ ಕಿವಿಗೊಡಬೇಕು. ಸದ್ದು ಏರಿ ಏರಿದಲ್ಲೇ ನಿಂತರೆ ಪೆಟ್ರೋಲ್ ಹೆಚ್ಚಾಗಿದೆ, ಕುಗ್ಗಿ ಎಂಜಿನ್ ನಿಲ್ಲುವಂತಾದರೆ ಕಡಿಮೆಯಾಗಿದೆ. ಕ್ಷಣ ಏರಿ ಮತ್ತೆ ಮೊದಲಿನ ಸದ್ದಿಗೆ ಇಳಿದರೆ ಸರಿಯಾಗಿದೆ. ಈ ಕೆಲಸಕ್ಕೆ ಬೇಕಾದ ಅಳತೆಗಳೆಲ್ಲ ಕಂಪನಿಯೇ ಅಚ್ಚುಹಾಕಿಸಿದ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದ್ದವು. ಅದು ಕೈಯಿಂದ ಕೈಗೆ ಹೋಯಿತು. ವಿದ್ಯೆ ಗುಟ್ಟಾಗಿ ಉಳಿಯದ್ದರಿಂದ ಊರೂರಿನ ಗ್ಯಾರೇಜಿನಲ್ಲೂ ಈ ಕಾರಿಗೆ ಒಬ್ಬ ವೈದ್ಯ ಸಿಕ್ಕ.

ಬದಲಾವಣೆಯ ವಿಚಾರ ಬಂದಾಗ ಹಳೆ ಕಾರಿನ ಪ್ರಿಯರಲ್ಲಿ ಎರಡು ಪಂಗಡ. ಒಂದು ಬೋಲ್ಟ್ ಕೂಡ ಮೂಲದ್ದೇ ಇರಬೇಕು ಎನ್ನುವವರು ಒಂದು ಕಡೆ, ಮನಸ್ಸಿಗೆ ಬಂದಂತೆ ಕೊಯ್ದು ಕೂಡಿಸುವವರು ಇನ್ನೊಂದು ಕಡೆ. 1973ರ 240ಝಡ್ ಈ ಜಗಳಕ್ಕೆ ಸೊಗಸಾದ ಪ್ರಶ್ನೆಯೊಂದನ್ನು ಒಡ್ಡುತ್ತದೆ. ಅಮೆರಿಕದ ಹೊಗೆ ನಿಯಮಕ್ಕೆ ಹೊಂದಿಸಲು ಆ ವರ್ಷ ಬೇರೆ ಬಗೆಯ ಕಾರ್ಬುರೇಟರ್ ಹಾಕಿದ್ದರು. ಬಿಸಿಯೇರಿದಾಗ ಪೆಟ್ರೋಲ್ ಆವಿಯಾಗಿ ಎಂಜಿನ್ ತಡವರಿಸುತ್ತಿತ್ತು. ಮಾಲೀಕರು ಅದನ್ನು ಕಿತ್ತುಹಾಕಿ 1970–72ರ ಹಳೆಯ ಕಾರ್ಬುರೇಟರನ್ನೇ ತಂದು ಕೂರಿಸಿಕೊಂಡರು. ಕಟ್ಟುನಿಟ್ಟಾಗಿ ನೋಡಿದರೆ ಅದು ಮೂಲದಿಂದ ಕದಲಿದ್ದು. ಆದರೆ ಹಾಗೆ ಮಾಡಿದ್ದಕ್ಕೇ ಆ ಕಾರುಗಳು ಓಡಿದವು.

ಉಳಿದ ಬದಲಾವಣೆಗಳ ಕತೆಯೂ ಇಂಥದ್ದೇ. ಅಮೆರಿಕಕ್ಕೆ ಬಂದ 240ಝಡ್‌ಗೆ ನಾಲ್ಕೇ ಗೇರ್. ನಂತರದ 280ಝಡ್‌ಎಕ್ಸ್ ಕಾರಿನ ಐದು ಗೇರಿನ ಪೆಟ್ಟಿಗೆಯನ್ನು ಅದಕ್ಕೆ ಕೂರಿಸುತ್ತಾರೆ. ಪಾಯಿಂಟ್ ಸವೆಯುವ ಹಳೆ ಡಿಸ್ಟ್ರಿಬ್ಯೂಟರ್ ಜಾಗಕ್ಕೆ ಅದೇ 280ಝಡ್‌ಎಕ್ಸ್‌ನ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಬರುತ್ತದೆ. ಬ್ರೇಕ್ ಗಟ್ಟಿಯಾಗಬೇಕೆಂದರೆ ಟೊಯೊಟಾ ಫೋರ್ ವ್ಹೀಲ್ ಡ್ರೈವ್ ಪಿಕಪ್‌ನ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್. ಶಕ್ತಿ ಬೇಕೆನ್ನುವವರ ಜಾಣ್ಮೆ ಇನ್ನೂ ದೊಡ್ಡದು. ನಿಸ್ಸಾನ್‌ನದೇ ಡೀಸೆಲ್ ಎಂಜಿನ್ ಎಲ್‌ಡಿ28ರ ಕ್ರ್ಯಾಂಕ್‌ಶಾಫ್ಟ್ ತಂದು 2.8 ಲೀಟರಿನ ಎಲ್28 ಬ್ಲಾಕಿಗೆ ಕೂರಿಸಿದರೆ ಪಿಸ್ಟನ್ ಓಡಾಟ 79ರಿಂದ 83 ಮಿಲಿಮೀಟರಿಗೆ ಏರುತ್ತದೆ. ಬೋರಿಂಗ್ ಮಾಡಿಸಿ 89 ಮಿಲಿಮೀಟರಿನ ಪಿಸ್ಟನ್ ಹಾಕಿದರೆ ಎಂಜಿನ್ ಸುಮಾರು 3.1 ಲೀಟರ್ ಆಗುತ್ತದೆ. ಸಾಧಾರಣ ಡೀಸೆಲ್ ಕಾರಿನ ಭಾಗವೊಂದು ಸ್ಪೋರ್ಟ್ಸ್ ಕಾರಿನ ಎದೆಗೂಡಿನಲ್ಲಿ ಹೀಗೆ ಜೀವ ಪಡೆಯಿತು. ಇದನ್ನು ಕಂಡುಕೊಂಡವರು ಗ್ಯಾರೇಜಿನಲ್ಲಿ ಅಳತೆಪಟ್ಟಿ ಹಿಡಿದು ನಿಂತವರು.

ಮೂಲವಾದಿಗಳ ವಾದ ಸಂಪೂರ್ಣ ತಳ್ಳಿಹಾಕುವಂಥದ್ದಲ್ಲ. ಜಪಾನಿನಲ್ಲಷ್ಟೇ ಮಾರಿದ ಝಡ್432 ಎಂಬ ಅಪರೂಪದ ಮಾದರಿ ಇದೆ. ಪ್ರತಿ ಸಿಲಿಂಡರಿಗೆ 4 ವಾಲ್ವ್, 3 ಕಾರ್ಬುರೇಟರ್, 2 ಕ್ಯಾಮ್‌ಶಾಫ್ಟ್ ಇರುವುದರಿಂದ ಅದಕ್ಕೆ ಆ ಸಂಖ್ಯೆ. ತಯಾರಾದದ್ದು ಕೆಲವೇ ನೂರು. ಅಂಥ ಕಾರಿನ ಬಾಡಿ ಕೊಯ್ದು ಬೇರೆ ಎಂಜಿನ್ ತುರುಕುವುದು ಅನ್ಯಾಯವೇ ಸರಿ. ಆದರೆ ಲಕ್ಷಗಟ್ಟಲೆ ತಯಾರಾದ ಮಾದರಿಗೂ ಅದೇ ಕಟ್ಟಳೆ ಹಾಕುವುದರಲ್ಲಿ ಹುರುಳಿಲ್ಲ. ಬೋಲ್ಟ್ ಬಿಚ್ಚಿ ಹಿಂದಿನಂತೆ ಮಾಡಬಹುದಾದ ಬದಲಾವಣೆ, ಬ್ರೇಕ್ ಮತ್ತು ದೀಪವನ್ನು ಸುರಕ್ಷಿತಗೊಳಿಸುವ ಬದಲಾವಣೆ ಮಾಲೀಕರ ಹಕ್ಕಾಗಬೇಕು. ಕಟರ್ ಹಿಡಿದು ತಗಡು ಕೊಯ್ಯುವ ಮುನ್ನ ಮಾತ್ರ ನೂರು ಸಲ ಯೋಚಿಸಬೇಕು. ಎಂಜಿನ್, ಗೇರ್‌ಬಾಕ್ಸ್ ಇನ್ನೊಂದು ಸಿಗಬಹುದು, ತುಕ್ಕಿಲ್ಲದ ಮೂಲ ಬಾಡಿ ಹೊಸದಾಗಿ ಹುಟ್ಟುವುದಿಲ್ಲ.

ಇನ್ನು ಕಂಪನಿಗಳ ವಿಷಯ. 1996ರಲ್ಲಿ ಅಮೆರಿಕದಲ್ಲಿ ಝಡ್ ಕಾರಿನ ಮಾರಾಟ ನಿಂತಾಗ ನಿಸ್ಸಾನ್ ಒಂದು ಪ್ರಯೋಗ ಮಾಡಿತು. ಹಳೆ 240ಝಡ್‌ಗಳನ್ನು ತಾನೇ ಕೊಂಡು, ಪೂರ್ತಿ ಬಿಚ್ಚಿ ಹೊಸದರಂತೆ ಮಾಡಿಸಿ, ಡೀಲರುಗಳ ಮೂಲಕ 25 ಸಾವಿರ ಡಾಲರ್ ಆಸುಪಾಸಿಗೆ ಮಾರಿತು. ನಲವತ್ತು ಕಾರು ಕೂಡ ಆಗುವ ಮೊದಲೇ ಯೋಜನೆ ನಿಂತಿತು. ಒಂದೊಂದು ಕಾರನ್ನೂ ಕಂಪನಿಯೇ ಕೂತು ಸರಿಮಾಡುವುದು ಖರ್ಚಿಗೆ ಗಿಟ್ಟುವುದಿಲ್ಲ ಎಂಬುದು ಅಲ್ಲಿ ಸ್ಪಷ್ಟವಾಯಿತು. ಬಿಡಿಭಾಗ ಒದಗಿಸಿ ರಿಪೇರಿಯನ್ನು ಬಲ್ಲವರಿಗೆ ಬಿಡುವ ದಾರಿ ಹೆಚ್ಚು ದೂರ ಸಾಗುತ್ತದೆ.

ಕಳೆದ ಕೆಲವು ವರ್ಷಗಳಲ್ಲಿ ಜಪಾನಿನ ಕಂಪನಿಗಳು ಹಿಡಿದಿರುವುದು ಬಹುಪಾಲು ಆ ದಾರಿಯನ್ನೇ. ನಿಸ್ಸಾನ್ 2017ರ ಡಿಸೆಂಬರಿನಲ್ಲಿ ಸ್ಕೈಲೈನ್ ಜಿಟಿ-ಆರ್ ಆರ್32 ಕಾರಿನ ನಿಂತುಹೋದ ಭಾಗಗಳನ್ನು ಮತ್ತೆ ಮಾರಲು ಶುರುಮಾಡಿ, ಮುಂದೆ ಆರ್33, ಆರ್34ಕ್ಕೂ ವಿಸ್ತರಿಸಿತು. ಪಟ್ಟಿಯಲ್ಲಿ ವೈರಿಂಗ್, ರಬ್ಬರ್ ಪೈಪುಗಳಂಥ ಕಣ್ಣಿಗೆ ಕಾಣದ ಸಾಮಾನೂ ಇದೆ. ಟೊಯೊಟಾ ಹಳೆಯ ಸುಪ್ರಾ ಕಾರುಗಳಿಗೆ ಹೆಡ್‌ಲೈಟ್, ಬಾಗಿಲ ಹಿಡಿ, ಪ್ರೊಪೆಲ್ಲರ್ ಶಾಫ್ಟ್ ಮಾಡಿಕೊಟ್ಟಿತು. 1967–70ರಲ್ಲಿ ಮುನ್ನೂರು ಚಿಲ್ಲರೆಯಷ್ಟೇ ತಯಾರಾದ 2000ಜಿಟಿಗೂ ಗೇರ್‌ಬಾಕ್ಸ್ ಭಾಗ ಒದಗಿಸಿತು. ದಲ್ಲಾಳಿಗಳ ಕೈಸೇರದಿರಲೆಂದು ಕಾರಿನ ಮಾಲೀಕರಿಗೆ ಮಾತ್ರ ಮಾರುವ ನಿಯಮ ಮಾಡಿತು. 1989ರಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಕಾಣಿಸಿಕೊಂಡ ಮಾಜ್ಡಾ ಎಂಎಕ್ಸ್-5 ಕಾರಿಗಂತೂ ಕಂಪನಿ ತೋರಿಸಿದ ಶ್ರದ್ಧೆ ದೊಡ್ಡದು. 2017ರಲ್ಲಿ ಅದರ ಪುನರುಜ್ಜೀವನ ಸೇವೆ ಪ್ರಕಟಿಸಿದಾಗ ಮಡಚುವ ಬಟ್ಟೆಯ ಟಾಪ್, ಮರದ ಸ್ಟೀರಿಂಗ್ ಚಕ್ರ ಮಾತ್ರವಲ್ಲ, ಬ್ರಿಜ್‌ಸ್ಟೋನ್ ಜೊತೆ ಸೇರಿ ಆ ಕಾಲದ ಅಳತೆ ಮತ್ತು ವಿನ್ಯಾಸದ ಟಯರನ್ನೂ ಮತ್ತೆ ಮಾಡಿಸಿತು. ಹೋಂಡಾ ತನ್ನ ಎನ್‌ಎಸ್‌ಎಕ್ಸ್ ಕಾರಿಗೆ 1993ರಲ್ಲೇ ಇಂಥ ಸೇವೆ ಶುರುಮಾಡಿತ್ತು.

ಇದನ್ನು ಮೆಚ್ಚಲೇಬೇಕು. ಆದರೆ ಈ ಪಟ್ಟಿಯಲ್ಲಿರುವುದು ಬಹುತೇಕ ಹೆಸರು ಮಾಡಿದ, ಬೆಲೆ ಏರಿದ ಕಾರುಗಳೇ. ಅದೇ ಕಂಪನಿ ಅದೇ ವರ್ಷ ಮಾರಿದ ಸಾಧಾರಣ ಸೆಡಾನ್ ಇಟ್ಟುಕೊಂಡವರ ಗೋಳು ಕೇಳುವವರಿಲ್ಲ. ಬಿಡಿಭಾಗ ಎಂಬುದು ಜನಪ್ರಿಯತೆಗೆ ಸಿಗುವ ಬಹುಮಾನವಾಗದೆ, ಮಾರಾಟದ ದಿನವೇ ಕೊಟ್ಟ ಭರವಸೆಯಾಗಬೇಕು.

ಸರ್ಕಾರಗಳ ನಡೆಯೂ ತಿದ್ದಬೇಕಾದದ್ದೇ. ಜಪಾನಿನಲ್ಲಿ ಪೆಟ್ರೋಲ್ ಕಾರಿಗೆ 13 ವರ್ಷ ತುಂಬಿದರೆ ವಾರ್ಷಿಕ ತೆರಿಗೆ ಸುಮಾರು ಶೇ 15ರಷ್ಟು ಏರುತ್ತದೆ, ತೂಕದ ಮೇಲಿನ ತೆರಿಗೆ 13 ಮತ್ತು 18 ವರ್ಷಕ್ಕೆ ಇನ್ನಷ್ಟು ಭಾರವಾಗುತ್ತದೆ. ತವರಿನಲ್ಲಿ ಹೀಗೆ ದಂಡ ತೆರುವ ಕಾರನ್ನು ಅಮೆರಿಕದ ಖರೀದಿದಾರರು ಕೈಬೀಸಿ ಕರೆಯುತ್ತಾರೆ. ಅಲ್ಲಿ 25 ವರ್ಷ ದಾಟಿದ ವಾಹನಕ್ಕೆ ಆಮದಿನ ಸುರಕ್ಷತಾ ನಿಯಮದಿಂದ ವಿನಾಯಿತಿ ಇದೆ. 1999ರ ಜನವರಿಯಲ್ಲಿ ಬಂದ ಆರ್34 ಜಿಟಿ-ಆರ್ 2024ರಲ್ಲಿ ಆ ಗಡಿ ದಾಟಿತು. ಹುಟ್ಟಿದ ನಾಡಿನ ರಸ್ತೆಯಿಂದಲೇ ಈ ಕಾರುಗಳು ಒಂದೊಂದಾಗಿ ಹಡಗು ಹತ್ತುತ್ತಿವೆ. ಜರ್ಮನಿಯಲ್ಲಿ 30 ವರ್ಷ ತುಂಬಿದ, ಚೆನ್ನಾಗಿ ಕಾಪಾಡಿದ ಕಾರಿಗೆ ಪ್ರತ್ಯೇಕ ನಂಬರ್ ಪ್ಲೇಟ್, ತೆರಿಗೆಯಲ್ಲಿ ಸವಲತ್ತು ಇದೆ. ಜಪಾನ್ ತನ್ನದೇ ಕಾರುಗಳಿಗೆ ಇಷ್ಟಾದರೂ ಮಾಡಬಹುದು.

ಭಾರತದಲ್ಲಿ ಈ ಚರ್ಚೆ ದೂರದ್ದೆನಿಸಬಹುದು. 240ಝಡ್ ಇಲ್ಲಿ ಮಾರಾಟಕ್ಕೆ ಬಂದ ಕಾರಲ್ಲ. ಆದರೆ ಎಂಬತ್ತರ ದಶಕದ ಪ್ರೀಮಿಯರ್ 118ಎನ್‌ಇ ಕಾರು ಕಂಡವರು ಕರ್ನಾಟಕದಲ್ಲಿ ಕಡಿಮೆಯಿಲ್ಲ. ಅದರ ಮೈ ಫಿಯೆಟ್ 124ರದು, ಎಂಜಿನ್ ನಿಸ್ಸಾನ್ ಎ12. ಹಿಂದುಸ್ತಾನ್ ಮೋಟರ್ಸ್ ತನ್ನ ಕಾಂಟೆಸಾ, ಅಂಬಾಸಡರ್ ಕಾರುಗಳಿಗೆ ಜಪಾನಿನ ಇಸುಝು ಎಂಜಿನ್ ಕೂರಿಸಿತು. ಹಳೆ ಬಾಡಿಗೆ ಹೊಸ ಎಂಜಿನ್ ಎಂಬುದು ಇಲ್ಲಿನ ಕಾರ್ಖಾನೆಗಳೇ ಮಾಡಿ ತೋರಿಸಿದ ಕೆಲಸ. ಕಾರ್ಖಾನೆ ಮುಚ್ಚಿದ ಮೇಲೂ ವಾಹನ ಉಳಿಸಿಕೊಳ್ಳುವ ಪಾಠಕ್ಕೆ ಮೈಸೂರಿಗಿಂತ ದೂರ ಹೋಗಬೇಕಿಲ್ಲ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತಿತು, ಅದು ಮಾಡಿದ ಜಾವಾ, ಯೆಜ್ಡಿ ಬೈಕುಗಳು ಇಂದಿಗೂ ಓಡುತ್ತಿವೆ. ಅವುಗಳನ್ನು ಓಡಿಸುತ್ತಿರುವುದು ಕೆಲಸ ಬಲ್ಲ ಮೆಕ್ಯಾನಿಕ್‌ಗಳು ಮತ್ತು ಪಟ್ಟುಬಿಡದ ಮಾಲೀಕರು.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. 50 ವರ್ಷ ಮೀರಿದ ವಾಹನಕ್ಕೆ ‘ವಿಎ’ ಅಕ್ಷರಗಳ ನಂಬರ್ ಪ್ಲೇಟ್, ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000 ರೂಪಾಯಿ. ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು. ಚಾಸಿಸ್, ಬಾಡಿ, ಎಂಜಿನ್‌ನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಹೇಳಿದೆ. ಬೇಕಾಬಿಟ್ಟಿ ಸೈಲೆನ್ಸರ್, ಕಣ್ಣು ಕೋರೈಸುವ ದೀಪ ಹಾಕುವವರಿಗೆ ಕಡಿವಾಣ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯ ಕಾರಿಗೆ ಉತ್ತಮ ಬ್ರೇಕ್ ಹಾಕಿಸಿದವರನ್ನು ಅದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಎಂಜಿನ್ ಸಿಗದೆ ದಶಕಗಳ ಹಿಂದೆಯೇ ಬೇರೆ ಎಂಜಿನ್ ಕೂರಿಸಿಕೊಂಡು ಬದುಕಿದ ಕಾರುಗಳಿಗೆ ಈ ನಿಯಮದಲ್ಲಿ ಜಾಗವೇ ಇಲ್ಲ.

ಮುಂದಿನ ತೊಡಕು ಇನ್ನೂ ದೊಡ್ಡದು. 240ಝಡ್ ಉಳಿದದ್ದು ಪಾನಾ, ಸ್ಕ್ರೂಡ್ರೈವರ್ ಹಿಡಿದವರಿಗೆ ಅದು ಅರ್ಥವಾಗುತ್ತಿದ್ದುದರಿಂದ. ಇಂದಿನ ಕಾರಿನಲ್ಲಿ ಎಂಜಿನ್‌ನಿಂದ ಬಾಗಿಲ ಬೀಗದವರೆಗೆ ಎಲ್ಲವನ್ನೂ ನಡೆಸುವುದು ಸಾಫ್ಟ್‌ವೇರ್. ಬಿಡಿಭಾಗ ಸಿಕ್ಕರೂ ಅದನ್ನು ಕಾರಿನ ಕಂಪ್ಯೂಟರಿಗೆ ಪರಿಚಯಿಸುವ ಕೀಲಿ ಕಂಪನಿಯ ಬಳಿ ಇದ್ದರೆ ಹೊರಗಿನ ಮೆಕ್ಯಾನಿಕ್ ಕೈಚೆಲ್ಲಬೇಕಾಗುತ್ತದೆ. ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ವರ್ಷಾಂತ್ಯಕ್ಕೆ ಪೋರ್ಟಲ್ ಕೂಡ ತೆರೆಯಿತು. ಅದು ಗುರುತಿಸಿದ ನಾಲ್ಕು ಕ್ಷೇತ್ರಗಳಲ್ಲಿ ವಾಹನವೂ ಒಂದು. ಕಂಪನಿಗಳು ಮನಸ್ಸು ಮಾಡಿದರೆ ಮಾಹಿತಿ ಹಾಕುವ ತಾಣ ಒಳ್ಳೆಯ ಆರಂಭ, ಆದರೆ ಅಷ್ಟಕ್ಕೇ ನಿಲ್ಲುವಂತಿಲ್ಲ.

ಮೂರು ಕೆಲಸ ಆಗಬೇಕು. ಮಾದರಿಯೊಂದರ ತಯಾರಿಕೆ ನಿಂತ ಮೇಲೆ ಎಷ್ಟು ವರ್ಷ ಬಿಡಿಭಾಗ ಸಿಗುತ್ತದೆ ಎಂಬುದನ್ನು ಕಾರು ಮಾರುವಾಗಲೇ ಬರಹದಲ್ಲಿ ಕೊಡುವುದನ್ನು ಕಾನೂನು ಕಡ್ಡಾಯ ಮಾಡಬೇಕು. ಆ ಅವಧಿ ಮುಗಿದಾಗ ನಕ್ಷೆ, ಅಳತೆ, ಸಾಫ್ಟ್‌ವೇರ್ ಕೀಲಿಗಳನ್ನು ಸಣ್ಣ ತಯಾರಕರಿಗೆ ನ್ಯಾಯವಾದ ಬೆಲೆಗೆ ಬಿಟ್ಟುಕೊಡಬೇಕು. ಬೆಂಗಳೂರಿನ ರಾಜಾಜಿನಗರ, ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಿಗೆ ಅದು ಹೊಸ ಕೆಲಸವನ್ನೂ ತಂದೀತು. ವಿಂಟೇಜ್ ನಿಯಮಕ್ಕೆ ಒಪ್ಪಿತ ಬದಲಾವಣೆಗಳ ಪಟ್ಟಿಯೊಂದನ್ನು ಸೇರಿಸಿ, ಬ್ರೇಕ್, ಇಗ್ನಿಷನ್, ಸೀಟ್ ಬೆಲ್ಟ್, ಟಯರಿನಂಥ ಸುರಕ್ಷತೆಯ ಸುಧಾರಣೆಗಳನ್ನು ಆರ್‌ಟಿಒ ಇನ್‌ಸ್ಪೆಕ್ಟರ್ ಪರೀಕ್ಷಿಸಿ ಆರ್‌ಸಿಯಲ್ಲಿ ನಮೂದಿಸುವಂತಾಗಬೇಕು.